ಜೋಗಕ್ಕೆ ದಾರಿ ತೋರಿಸಿದ್ದು ಸಾಕು, ಇನ್ನು ಸಾಗರ ತೋರಿಸೋಣ

ಸಾಗರದ ಹುಡುಗ–ಹುಡುಗಿಯರಿಗೆ ಒಂದು ಪ್ರಶ್ನೆಯ ಉತ್ತರ ಬಾಯಿಪಾಠ. ಬಸ್ ಸ್ಟ್ಯಾಂಡಿನಲ್ಲೋ, ಜಂಬಗಾರು ರೈಲ್ವೆ ಸ್ಟೇಷನ್ನಿನ ಹೊರಗೋ ಬ್ಯಾಗು ಹೊತ್ತವರು ಯಾರಾದರೂ ‘ಇಲ್ಲಿ ನೋಡೋಕೆ ಏನಿದೆ?’ ಎಂದು ಕೇಳಿದರೆ ನಾವು ಯೋಚಿಸುವುದೇ ಇಲ್ಲ. ‘ಇಲ್ಲಿ ಎಂತದೂ ಇಲ್ಲ ಸಾರ್, ಜೋಗಕ್ಕೆ ಹೋಗಿ. ಇಲ್ಲಾಂದ್ರೆ ಸಿಗಂದೂರಿಗೆ ಹೋಗಿ’ ಅಂದುಬಿಡುತ್ತೇವೆ. ಅವರು ಥ್ಯಾಂಕ್ಸ್ ಹೇಳಿ ಹೊರಡುತ್ತಾರೆ. ನಮ್ಮೂರಿನಲ್ಲಿ ಒಂದು ಟೀ ಕುಡಿದಿದ್ದರೆ ಅದೇ ಹೆಚ್ಚು.

ಈಗ ಇದೇ ಮಾತನ್ನು ಇನ್ನೊಂದು ಕಡೆಯಿಂದ ಕೇಳಿಸಿಕೊಳ್ಳಿ. ಡಿಗ್ರಿ ಮುಗಿಸಿದವರನ್ನು ಮುಂದೇನು ಎಂದು ಕೇಳಿದರೆ ನಾವೇ ಹೇಳುವುದೇನು? ‘ಇಲ್ಲಿ ಎಂತದೂ ಇಲ್ಲ ಮಾರಾಯ, ಬೆಂಗಳೂರಿಗೆ ಹೋಗಬೇಕು.’ ಪ್ರವಾಸಿಗೂ ಅದೇ ಉತ್ತರ, ನಮಗೂ ಅದೇ ಉತ್ತರ. ಈ ಎರಡು ಉತ್ತರಗಳಿಗೆ ಸಂಬಂಧ ಇದೆ ಎನ್ನುವುದೇ ನನ್ನ ವಾದ. ಊರಿನಲ್ಲಿ ನೋಡಲು ಏನೂ ಇಲ್ಲ ಎಂದು ನಂಬಿದವರಿಗೆ ಊರಿನಲ್ಲಿ ಮಾಡಲೂ ಏನೂ ಕಾಣುವುದಿಲ್ಲ.

ನಾನು ಬಿ.ಎ. ಮುಗಿಸಿ ಎರಡು ವರ್ಷವಾಯಿತು. ಎಲ್ಲರಂತೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಜೊತೆಗೆ ಶನಿವಾರ, ಭಾನುವಾರ ಊರು ನೋಡಲು ಬಂದವರನ್ನು ಸುತ್ತಾಡಿಸುತ್ತೇನೆ. ಹಾಗಾಗಿ ಇದು ದೂರ ನಿಂತು ಹೇಳುವ ಮಾತಲ್ಲ.

ಎರಡು ರಾಜಧಾನಿ, ನಡುವೆ ಒಂದು ಕೆರೆ

ಮೊದಲು ನಮ್ಮ ಗಣಪತಿ ಕೆರೆಯ ವಿಷಯಕ್ಕೆ ಬರೋಣ. ಸಂಜೆ ವಾಕಿಂಗ್ ಮಾಡುವವರಿಗೆ, ಕಾಲೇಜು ಬಿಟ್ಟ ಮೇಲೆ ಹರಟುವವರಿಗೆ ಅದು ಬರೀ ಕೆರೆ. ಆದರೆ ಊರಿಗೆ ಸಾಗರ ಎಂಬ ಹೆಸರು ಬಂದದ್ದೇ ಈ ಕೆರೆಯಿಂದ. 16ನೇ ಶತಮಾನದಲ್ಲಿ ಕೆಳದಿಯ ದೊರೆ ಸದಾಶಿವ ನಾಯಕ ಇದನ್ನು ಕಟ್ಟಿಸಿದ. ಆಗ ಇದರ ಹೆಸರು ಸದಾಶಿವಸಾಗರ. ಹೆಸರಿನ ಮೊದಲರ್ಧ ಹೋಗಿ ಸಾಗರ ಊರಿಗೆ ಉಳಿಯಿತು, ಕೆರೆ ಗಣಪತಿ ಕೆರೆಯಾಯಿತು. ಸಮುದ್ರವೇ ಇಲ್ಲದ ಊರಿಗೆ ಸಾಗರ ಅಂತ ಯಾಕೆ ಹೆಸರು ಎಂದು ಹೊರಗಿನವರು ತಮಾಷೆ ಮಾಡುತ್ತಾರಲ್ಲ, ಅವರಿಗೆ ಕೊಡಬೇಕಾದ ಉತ್ತರ ಊರಿನ ನಟ್ಟನಡುವೆ ಇದೆ.

ಈ ಕೆರೆ ಇರುವ ಜಾಗವನ್ನೂ ಗಮನಿಸಿ. ಒಂದು ಕಡೆ ಕೆಳದಿ, ಇನ್ನೊಂದು ಕಡೆ ಇಕ್ಕೇರಿ. ಎರಡೂ ಪೇಟೆಯಿಂದ 10 ಕಿಲೋಮೀಟರಿನೊಳಗೆ. ಕೆಳದಿ ಅರಸರ ಮೊದಲ ರಾಜಧಾನಿ ಕೆಳದಿ, ಎರಡನೆಯದು ಇಕ್ಕೇರಿ, ಆಮೇಲೆ ಹೊಸನಗರ ತಾಲ್ಲೂಕಿನ ಬಿದನೂರು. 1499ರಿಂದ ಹೈದರಾಲಿ ಬಿದನೂರನ್ನು ಗೆದ್ದ 1763ರವರೆಗೆ ಈ ಮನೆತನ ಆಳಿತು. ಭೂಮಿಯ ಫಲವತ್ತತೆ ನೋಡಿ ಕಂದಾಯ ಗೊತ್ತುಮಾಡಿದ ಶಿವಪ್ಪ ನಾಯಕನ ‘ಶಿಸ್ತು’, ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ – ಇವನ್ನೆಲ್ಲ ನಾವು ಕೆಎಎಸ್, ಪಿಡಿಒ ಪರೀಕ್ಷೆಗೆ ಗೈಡ್ ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡುತ್ತೇವೆ. ಅದೇ ಮನೆತನದ ದೇವಸ್ಥಾನ ಲೋಕಲ್ ಬಸ್ಸಿಗೆ ಸಿಗುವಷ್ಟು ಹತ್ತಿರದಲ್ಲಿದ್ದರೂ ಹೋಗಿ ನೋಡಿರುವುದಿಲ್ಲ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಬಂದವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಗೊತ್ತಾ? ಕೈಮುಗಿಯುತ್ತಾರೆ, ಎದುರಿನ ಮಂಟಪದಲ್ಲಿರುವ ದೊಡ್ಡ ನಂದಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹತ್ತು ನಿಮಿಷದಲ್ಲಿ ಕಾರು ಹತ್ತುತ್ತಾರೆ. ಅವರದ್ದು ತಪ್ಪಲ್ಲ. ಹೇಳುವವರು ಇದ್ದರೆ ಅದೇ ಜಾಗದಲ್ಲಿ ಒಂದೂವರೆ ಗಂಟೆ ಕಳೆದರೂ ಸಾಕಾಗುವುದಿಲ್ಲ. ದೇವಸ್ಥಾನ ಉತ್ತರಕ್ಕೆ ಮುಖ ಮಾಡಿದೆ. ಒಂದೇ ಕಟ್ಟಡದಲ್ಲಿ ಹೊಯ್ಸಳರ ಕುಸುರಿಯ ನೆನಪೂ ಇದೆ, ವಿಜಯನಗರದವರ ದಪ್ಪ ಕಲ್ಲಿನ ಗಾಂಭೀರ್ಯವೂ ಇದೆ. ಗರ್ಭಗುಡಿಯ ಮುಕ್ಕಾಲು ಭಾಗವನ್ನು ಆವರಿಸಿರುವ ದೊಡ್ಡ ಪೀಠದ ಸುತ್ತ ಕುಳಿತ ಸ್ತ್ರೀ ವಿಗ್ರಹಗಳಿವೆ. ನೆಲ ನೋಡಿಕೊಂಡು ನಡೆದರೆ ಇನ್ನೂ ಒಂದು ಆಶ್ಚರ್ಯ: ದೇವರಿಗೆ ಸಾಷ್ಟಾಂಗ ಬಿದ್ದಿರುವ ಕೆಳದಿ ನಾಯಕರ ರೂಪಗಳನ್ನು ನೆಲದ ಕಲ್ಲಿನಲ್ಲೇ ಕೆತ್ತಿದ್ದಾರೆ. ಅರಸನೇ ಭಕ್ತರ ಕಾಲ ಕೆಳಗೆ ಮಲಗಿದ್ದಾನೆ. ಇದನ್ನು ತೋರಿಸಿದಾಗ ಮಕ್ಕಳು ತಟ್ಟನೆ ಕಾಲು ಹಿಂದಕ್ಕೆ ತೆಗೆಯುತ್ತಾರೆ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿವೆ. ವೀರಭದ್ರ ಗುಡಿಯೊಳಗೆ ಹೋಗಿ ತಲೆ ಎತ್ತಿದರೆ ಚಾವಣಿಯಲ್ಲಿ ಗಂಡಭೇರುಂಡ. ನಾವು ದಿನಾ ಹತ್ತುವ ಸರ್ಕಾರಿ ಬಸ್ಸಿನ ಮೇಲೆ, ರಾಜ್ಯದ ಲಾಂಛನದಲ್ಲಿ ಇರುವ ಅದೇ ಎರಡು ತಲೆಯ ಹಕ್ಕಿ. ಅಲ್ಲೇ ಹತ್ತಿರ ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯ ಇದೆ. ತಾಳೆಗರಿ, ಹಳೆಯ ಕಡತ, ನಾಣ್ಯ ಎಲ್ಲವೂ ಅಲ್ಲಿವೆ. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಅಂದರೆ ಅದೇ ವಿಶ್ವವಿದ್ಯಾಲಯದ ಡಿಗ್ರಿ ಸರ್ಟಿಫಿಕೇಟು ಮನೆಯಲ್ಲಿಟ್ಟುಕೊಂಡ ನನ್ನಂಥವರಿಗೆ ಅದು ಹೊರಗಿನದೇನೂ ಅಲ್ಲ.

ಕಲ್ಲು ಮಾತ್ರವಲ್ಲ, ಕೈಯ ಕೆಲಸವೂ ಇದೆ

‘ದೇವಸ್ಥಾನ ಎಷ್ಟು ಅಂತ ನೋಡೋದು?’ ಎನ್ನುವವರೂ ಇರುತ್ತಾರೆ. ಸರಿ, ಬೇರೆ ನೋಡೋಣ.

ಸಾಗರ, ಸೊರಬ ಎಂದರೆ ಗುಡಿಗಾರರ ಕೆತ್ತನೆ. ಶ್ರೀಗಂಧದ ತುಂಡಿನಲ್ಲಿ ಎಲೆ, ಬಳ್ಳಿ, ಆನೆ, ದೇವರನ್ನು ಬಿಡಿಸುವ ಈ ಕೈಗಳಿಗೆ ಹೊರದೇಶದಲ್ಲೂ ಹೆಸರಿದೆ. ಶ್ರೀಗಂಧ ಸಿಗುವುದು ಕಷ್ಟವಾದ ಮೇಲೆ ಶಿವನೆ ಮರದಲ್ಲೂ ಕೆತ್ತುತ್ತಾರೆ. ಮದುವೆಯ ಬಾಸಿಂಗಕ್ಕೆ ಬೆಂಡಿನ ಕೆಲಸ ಮಾಡುವವರೂ ಇವರೇ. ಅಂಗಡಿಯ ಗಾಜಿನ ಹಿಂದೆ ಇಟ್ಟ ಗಣಪತಿಯನ್ನು ನೋಡಿ ‘ಇಷ್ಟೊಂದು ರೇಟಾ?’ ಎನ್ನುವವರನ್ನು ಅರ್ಧ ಗಂಟೆ ಉಳಿ ಹಿಡಿದು ಕುಳಿತವರ ಎದುರು ಕೂರಿಸಿ. ಆಮೇಲೆ ಚೌಕಾಸಿ ಮಾಡಲು ಅವರಿಗೇ ಮನಸ್ಸು ಬರುವುದಿಲ್ಲ.

ಇನ್ನು ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿದೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ‘ತಿರುಗಾಟ’ದ ನಾಟಕಗಳು ಊರೂರು ಸುತ್ತುವ ಮೊದಲು ತಯಾರಾಗುವುದು ಇಲ್ಲಿ. ಅದೇ ಕಡೆ ಚರಕ ಸಂಸ್ಥೆಯ ಹೆಂಗಸರು ಕೈಮಗ್ಗದ ಬಟ್ಟೆಗೆ ಗಿಡ, ತೊಗಟೆಗಳಿಂದ ತೆಗೆದ ಬಣ್ಣ ಹಾಕುತ್ತಾರೆ. ಅಡಿಕೆಯ ಚೊಗರೂ ಅಲ್ಲಿ ಬಣ್ಣವಾಗುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಆ ಕುರ್ತಾ ಕೊಂಡವರು, ಅದು ನೇಯುವ ಜಾಗಕ್ಕೆ ಬಂದು ನಿಂತಾಗ ಅವರ ಮುಖ ನೋಡಬೇಕು.

ಕಾಗೋಡು ಕೂಡ ನಮ್ಮ ತಾಲ್ಲೂಕಿನದೇ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಜಗಳ 1951ರಲ್ಲಿ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ಹೆಸರು ರಾಜ್ಯಕ್ಕೆ ಪರಿಚಯವಾದದ್ದರಲ್ಲಿ ಈ ಹೋರಾಟದ ಪಾಲು ದೊಡ್ಡದು. ‘ಉಳುವವನೇ ಹೊಲದೊಡೆಯ’ ಎಂಬ ಮಾತಿನ ಬೇರು ಹುಡುಕಿಕೊಂಡು ಬರುವವರಿಗೆ ನಾವು ಏನು ತೋರಿಸುತ್ತೇವೆ? ಒಂದು ಕೊಳಗವನ್ನು ಎದುರಿಗಿಟ್ಟು, ಅದರ ಗಾತ್ರ ಸ್ವಲ್ಪ ಹಿಗ್ಗಿದರೆ ಒಂದು ಮನೆಯ ವರ್ಷದ ಊಟ ಎಷ್ಟು ಕುಗ್ಗುತ್ತದೆ ಎಂದು ಹೇಳಿದರೆ ಸಾಕು. ಅದಕ್ಕಿಂತ ದೊಡ್ಡ ಮ್ಯೂಸಿಯಂ ಬೇಕಿಲ್ಲ.

ನೀರಿನ ಆಟ ಬೇಕು ಎನ್ನುವವರಿಗೆ ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡು ಇದೆ. ಲೈಫ್ ಜಾಕೆಟ್ ಹಾಕಿ ತೆಪ್ಪ, ದೋಣಿ ಹುಟ್ಟುಹಾಕುವುದನ್ನು ಕಲಿಯಬಹುದು. ವರದಾ ನದಿ ಹುಟ್ಟುವ ವರದಾಮೂಲ ಪೇಟೆಗೆ ಹತ್ತಿರ. ಹಾವೇರಿ ಜಿಲ್ಲೆಯ ಕಡೆಯವರು ಬಂದರೆ ಅಲ್ಲಿಗೆ ತಪ್ಪದೆ ಕರೆದೊಯ್ಯುತ್ತೇನೆ. ತಮ್ಮೂರಿನ ಹೊಳೆ ಇಷ್ಟು ಸಣ್ಣ ಕೊಳದಲ್ಲಿ ಶುರುವಾಗುತ್ತದೆ ಎಂದು ನೋಡಿ ಅವರು ಸುಮ್ಮನೆ ನಿಂತುಬಿಡುತ್ತಾರೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಬಂದರೆ ದೀವರ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಊಟಕ್ಕೆ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಯಿಗಿಟ್ಟರೆ ಕರಗುವ ತೊಡದೇವು. ‘ಎಂತದೂ ಇಲ್ಲ’ ಎಂಬ ನಮ್ಮ ಮಾತಿನೊಳಗೆ ಇಷ್ಟೆಲ್ಲ ಅಡಗಿದೆ.

ಜೋಗವನ್ನು ಬಿಡಿ ಎನ್ನುತ್ತಿಲ್ಲ

ಜೋಗ ನಮ್ಮ ಹೆಮ್ಮೆ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಬೀಳುವುದನ್ನು ನೋಡದೆ ಹೋಗಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಜೋಗ ಮಳೆಯನ್ನು ನಂಬಿದ ಜಾಗ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೊದಲು ಕರೆಂಟಿಗೆ, ಆಮೇಲೆ ನೋಟಕ್ಕೆ. ಜೋರು ಮಳೆಯ ತಿಂಗಳುಗಳಲ್ಲಿ ಕಿಕ್ಕಿರಿದು ಜನ. ಬೇಸಿಗೆಯಲ್ಲಿ ಬಂದವರು ಕಪ್ಪು ಬಂಡೆ ನೋಡಿ ಮುಖ ಸಣ್ಣ ಮಾಡಿಕೊಂಡು ಹಿಂತಿರುಗುತ್ತಾರೆ. ಜೋಗದ ಸೀಸನ್ನನ್ನೇ ನಂಬಿದ ಕೆಲಸವೂ ಅಷ್ಟೇ ತಿಂಗಳ ಕೆಲಸ. ಇಕ್ಕೇರಿಯ ಕಲ್ಲಿಗೆ, ಗುಡಿಗಾರರ ಉಳಿಗೆ ಸೀಸನ್ ಇಲ್ಲ. ಜೋಗ ಒಣಗಿದಾಗ ಊರನ್ನು ನಡೆಸಬಲ್ಲದ್ದು ಇವೇ.

ಇನ್ನೊಂದು ಬದಲಾವಣೆಯೂ ಆಗಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಆಚೆಯ ತುಮರಿ ಭಾಗದವರು ಹಲವು ದಶಕ ಕಾದ ಸೇತುವೆ ಅದು. ಆಸ್ಪತ್ರೆಗೆ ಹೋಗಲೂ ಲಾಂಚಿನ ಸಮಯ ನೋಡಬೇಕಿದ್ದವರ ಕಷ್ಟ ತಪ್ಪಿತು. ಅದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ಪ್ರವಾಸಿಗಳ ಲೆಕ್ಕ ಬೇರೆ. ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಾ ಅರ್ಧ ದಿನ ಹೋಗುತ್ತಿತ್ತು. ಈಗ ಕಾರು ನಿಲ್ಲುವುದೇ ಇಲ್ಲ. ಸಿಗಂದೂರು ಮುಗಿಸಿ, ಹಾಗೇ ಕೊಲ್ಲೂರು ಕಡೆ ಇಳಿದುಬಿಡಬಹುದು. ರಸ್ತೆ ಒಳ್ಳೆಯದಾದಷ್ಟೂ ನಡುವಿನ ಊರುಗಳಲ್ಲಿ ನಿಲ್ಲಲು ಕಾರಣ ಕಡಿಮೆಯಾಗುತ್ತದೆ. ಆ ಕಾರಣವನ್ನು ನಾವೇ ಕೊಡಬೇಕು. ಕೊಡುವ ಹೊತ್ತು ಈಗಲೇ.

ನನ್ನ ಭಾನುವಾರಗಳು

ನಾನು ಈ ಕೆಲಸಕ್ಕೆ ಬಂದದ್ದು ದೊಡ್ಡ ಯೋಜನೆ ಹಾಕಿಕೊಂಡಲ್ಲ. ಪರಿಚಯದವರ ಹೋಂಸ್ಟೇಗೆ ಹುಬ್ಬಳ್ಳಿಯ ಒಂದು ಕುಟುಂಬ ಬಂದಿತ್ತು. ಜೋರು ಮಳೆ, ಜೋಗದಲ್ಲಿ ಮಂಜು ಮುಚ್ಚಿ ಏನೂ ಕಾಣಲಿಲ್ಲವೆಂದು ಬೇಸರದಲ್ಲಿದ್ದರು. ‘ನಾಳೆ ಇಕ್ಕೇರಿ, ಕೆಳದಿ ತೋರಿಸಿ ಬಾ’ ಎಂದು ಹೋಂಸ್ಟೇಯವರು ನನ್ನನ್ನು ಜೊತೆಗೆ ಕಳಿಸಿದರು. ನೆಲದ ಮೇಲಿನ ನಾಯಕರನ್ನು ತೋರಿಸಿದಾಗ ಆ ಮನೆಯ ಹಿರಿಯರು ಅಲ್ಲೇ ಕುಳಿತರು. ‘ತಮ್ಮಾ, ಹತ್ತ್ ಸಲ ಜೋಗಕ್ಕ ಬಂದೀವಿ. ಇಲ್ಲೊಂದು ರಾಜಧಾನಿ ಇತ್ತು ಅಂತ ಯಾರೂ ಹೇಳಿದ್ದಿಲ್ಲ ನೋಡಪಾ’ ಅಂದರು. ಹೊರಡುವಾಗ 500 ರೂಪಾಯಿ ಕೈಗಿಟ್ಟರು. ನಾನು ಬೇಡವೆಂದೆ. ‘ಹಂಗಲ್ಲ, ಇದು ನಿನ್ನ ಕೆಲಸದ ರೊಕ್ಕ’ ಅಂದರು. ಅಲ್ಲಿಯವರೆಗೆ ಅದನ್ನು ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಾನು, ಇನ್ನೂ ಇಬ್ಬರು ಗೆಳೆಯರು ಸೇರಿ ಒಂದು ದಿನದ ಸುತ್ತು ಗೊತ್ತುಮಾಡಿದೆವು. ಬೆಂಗಳೂರು, ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಗ್ಗೆ ಸಾಗರದಲ್ಲಿ ನಿಲ್ಲುತ್ತದೆ. ಇಳಿದವರು ತಿಂಡಿ ಮುಗಿಸಿದ ಮೇಲೆ ಮೊದಲು ಗಣಪತಿ ಕೆರೆಯ ದಂಡೆ. ಊರಿನ ಹೆಸರಿನ ಕಥೆ ಅಲ್ಲೇ ಹೇಳುತ್ತೇವೆ. ಬಿಸಿಲು ಏರುವ ಮೊದಲು ಇಕ್ಕೇರಿ, ಆಮೇಲೆ ಕೆಳದಿ ಗುಡಿ ಮತ್ತು ಮ್ಯೂಸಿಯಂ. ಮಧ್ಯಾಹ್ನ ಮನೆಯೂಟ. ಊಟದ ನಂತರ ಹೆಗ್ಗೋಡು. ಸಂಜೆ ಪೇಟೆಗೆ ಬಂದು ಕೆತ್ತನೆಯವರ ಬಳಿ ಅರ್ಧ ಗಂಟೆ. ಜೋಗ, ಹೊನ್ನೆಮರಡು ಮರುದಿನಕ್ಕೆ. ಇದರ ಗುಟ್ಟು ಕೊನೆಯ ಸಾಲಿನಲ್ಲಿದೆ: ‘ಮರುದಿನಕ್ಕೆ’ ಎಂದರೆ ಒಂದು ರಾತ್ರಿ ಊರಿನಲ್ಲಿ ಉಳಿದರು. ಒಂದು ರಾತ್ರಿ ಉಳಿದರೆ ಎರಡು ಊಟ, ಒಂದು ರೂಮು, ಒಂದು ಆಟೊ, ಕೊಳ್ಳಲು ಸಮಯ. ಟೀ ಕುಡಿದು ಹೋಗುವವರಿಂದ ಊರಿಗೆ ಬರುವುದು ಹತ್ತು ರೂಪಾಯಿ.

ಈ ಕೆಲಸ ನನಗೆ ಕಲಿಸಿದ್ದು ಕಾಲೇಜಿನಲ್ಲಿ ಸಿಗದ ಪಾಠ. ಬಂದವರು ಮೊದಲು ಕೇಳುವುದು ಇತಿಹಾಸವನ್ನಲ್ಲ. ಟಾಯ್ಲೆಟ್ ಎಲ್ಲಿದೆ, ಅಜ್ಜಿಗೆ ಮೆಟ್ಟಿಲು ಎಷ್ಟು ಹತ್ತಬೇಕು, ಗುಡಿ ಬಾಗಿಲು ಯಾವಾಗ ಹಾಕುತ್ತಾರೆ, ಇಂಬಳ ಕಚ್ಚಿದರೆ ಏನು ಮಾಡಬೇಕು, ಕೊನೆಯ ಬಸ್ ಎಷ್ಟಕ್ಕೆ ಎಂದು ಕೇಳುತ್ತಾರೆ. ಇವಕ್ಕೆ ಸರಿಯಾಗಿ ಉತ್ತರ ಕೊಟ್ಟವನ ಬಾಯಲ್ಲಿ ಮಾತ್ರ ಇತಿಹಾಸ ಕೇಳುತ್ತಾರೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಎನ್ನಬೇಕು, ಮುಂದಿನ ವಾರದೊಳಗೆ ತಿಳಿದುಕೊಳ್ಳಬೇಕು. ಕಥೆಯನ್ನು ಕಥೆ ಎಂದೂ, ಇತಿಹಾಸವನ್ನು ಇತಿಹಾಸ ಎಂದೂ ಬೇರೆ ಮಾಡಿ ಹೇಳಬೇಕು. ನಾಲ್ಕು ಜನರ ಎದುರು ನಿಂತು ಮಾತಾಡಲು ಮೈನಡುಗುತ್ತಿದ್ದ ನನ್ನ ಗೆಳೆಯನೊಬ್ಬ ಈಗ ಇಪ್ಪತ್ತು ಜನರನ್ನು ಸುಮ್ಮನಿರಿಸಿ ಕೇಳಿಸುತ್ತಾನೆ. ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೂ ಅವನು ಫೀಸು ಕಟ್ಟಿಲ್ಲ.

ಕೇಳಿಬರುವ ಮಾತುಗಳು

ಮನೆಯಲ್ಲಿ ಮೊದಲ ಆಕ್ಷೇಪ. ‘ಎಂತ ಗೈಡ್ ಕೆಲಸ? ಓದಿದವ ಮಾಡೋ ಕೆಲಸವಾ ಅದು? ಸುಮ್ಮನೆ ಪರೀಕ್ಷೆಗೆ ಓದು’ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ತಿಂಗಳ ಒಂದನೇ ತಾರೀಖು ಬರುವ ಸಂಬಳದ ನೆಮ್ಮದಿ ಇದರಲ್ಲಿ ಇಲ್ಲ. ಅದಕ್ಕೇ ನಾನು ಪರೀಕ್ಷೆ ಬಿಟ್ಟಿಲ್ಲ. ಆದರೆ ಒಂದು ಲೆಕ್ಕ ಹೇಳುತ್ತೇನೆ. ನನ್ನ ಜೊತೆ ಓದಿದ ಗೆಳೆಯನಿಗೆ ಬೆಂಗಳೂರಿನಲ್ಲಿ 18 ಸಾವಿರ ಸಂಬಳ. ಪಿಜಿಗೆ, ಓಡಾಟಕ್ಕೆ, ಊಟಕ್ಕೆ ಕೊಟ್ಟು ತಿಂಗಳ ಕೊನೆಗೆ ಅವನಲ್ಲಿ ಉಳಿಯುವುದಕ್ಕೂ, ನಾಲ್ಕೈದು ವಾರಾಂತ್ಯ ಜನರನ್ನು ಸುತ್ತಾಡಿಸಿ ಮನೆಯೂಟ ಮಾಡುವ ನನ್ನಲ್ಲಿ ಉಳಿಯುವುದಕ್ಕೂ ಒಳ್ಳೆಯ ತಿಂಗಳಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕೆಟ್ಟ ತಿಂಗಳಿನಲ್ಲಿ ನನ್ನ ಜೇಬು ಖಾಲಿ, ಅದೂ ನಿಜ. ಎಲ್ಲರೂ ಗೈಡ್ ಆಗಿ ಎಂದು ನಾನು ಹೇಳುವುದಿಲ್ಲ. ತಾಲ್ಲೂಕಿನ ಎಲ್ಲ ನಿರುದ್ಯೋಗಿಗಳಿಗೆ ಇದರಲ್ಲಿ ಅನ್ನವಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಕೆಲವರಿಗೆ ಪೂರ್ತಿ ಕೆಲಸ, ಇನ್ನೂ ಹಲವರಿಗೆ ಓದಿನ ಜೊತೆಗಿನ ಕೆಲಸ ಖಂಡಿತ ಇದೆ. ಗೈಡ್, ಡ್ರೈವರ್, ಅಡುಗೆ, ಫೋಟೊ, ತೊಡದೇವು ಕಳಿಸುವವರು, ಬುಕಿಂಗ್ ನೋಡಿಕೊಳ್ಳುವವರು – ಇವೆಲ್ಲ ಬೇರೆ ಬೇರೆ ಕೈಗಳು.

ಎರಡನೆಯ ಆಕ್ಷೇಪ ಹಿರಿಯರದು. ‘ಜನ ಬಂದರೆ ಊರು ಹಾಳಾಗುತ್ತದೆ. ಕಾಡಿನಲ್ಲಿ ಬಾಟಲಿ, ಹೊಳೆಯಲ್ಲಿ ಪ್ಲಾಸ್ಟಿಕ್.’ ಈ ಮಾತು ಸುಳ್ಳಲ್ಲ. ಆದರೆ ಜನ ಈಗಾಗಲೇ ಬರುತ್ತಿದ್ದಾರೆ. ಬೇಡ ಎಂದರೂ ಬರುತ್ತಾರೆ. ಜೊತೆಗೆ ಊರಿನವರು ಯಾರೂ ಇಲ್ಲದ ಗುಂಪು ಬಾಟಲಿ ಒಡೆದು ಹೋಗುತ್ತದೆ. ಊರಿನ ಹುಡುಗನೊಬ್ಬ ಜೊತೆಗಿದ್ದರೆ ‘ಅಣ್ಣಾ, ಅದನ್ನ ಇಲ್ಲಿ ಹಾಕಬೇಡಿ, ಕೊಡಿ ನಾನು ಇಟ್ಕೋತೀನಿ’ ಎನ್ನುವ ಬಾಯಿ ಇರುತ್ತದೆ. ಆ ಜಾಗ ಕೆಟ್ಟರೆ ಅವನ ಅನ್ನವೂ ಕೆಡುತ್ತದೆ, ಹಾಗಾಗಿ ಅವನು ಸುಮ್ಮನಿರಲಾರ. ಕಾವಲು ಕಾಯಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮೂರನೆಯದು ಅಧಿಕಾರ ಇರುವವರ ಮಾತು. ‘ಅಭಿವೃದ್ಧಿ ಮಾಡ್ತೀವಿ’ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಕೆರೆ ಅಭಿವೃದ್ಧಿ ಎಂದರೆ ಕಾಂಕ್ರೀಟು, ಬಣ್ಣದ ಲೈಟು, ಸೆಲ್ಫಿ ಪಾಯಿಂಟು. ಅವು ಇರಲಿ, ಜಗಳವಿಲ್ಲ. ಆದರೆ ಸೆಲ್ಫಿ ಪಾಯಿಂಟು ಎಲ್ಲ ಊರಿನಲ್ಲೂ ಇದೆ, ಅದಕ್ಕಾಗಿ ಯಾರೂ ರಾತ್ರಿ ರೈಲು ಹತ್ತುವುದಿಲ್ಲ. ಕೆರೆ ಕಟ್ಟಿಸಿದವರ ಹೆಸರು, ಯಾಕೆ ಕಟ್ಟಿಸಿದರು ಎಂಬ ನಾಲ್ಕು ಸಾಲು ಕನ್ನಡದಲ್ಲಿ ಬರೆದು ದಂಡೆಯ ಮೇಲೆ ನಿಲ್ಲಿಸಲು ಕೋಟಿ ಬೇಡ.

ಹಾಗಾದರೆ ಏನು ಬೇಕು?

ಒಂದು, ಭಾನುವಾರಕ್ಕೊಂದು ಸುತ್ತುವ ಬಸ್ಸು. ಬೆಳಗಿನ ರೈಲಿನ ಹೊತ್ತಿಗೆ ಜಂಬಗಾರು ಸ್ಟೇಷನ್ನಿನಿಂದ ಹೊರಟು ಇಕ್ಕೇರಿ, ಕೆಳದಿ, ವರದಾಮೂಲ, ಹೆಗ್ಗೋಡು ಸುತ್ತಿ ಸಂಜೆ ಪೇಟೆಗೆ ಬಿಡಲಿ. ಸ್ವಂತ ಕಾರಿಲ್ಲದ ವಿದ್ಯಾರ್ಥಿಗಳು ಆಗ ಬರುತ್ತಾರೆ.

ಎರಡು, ತರಬೇತಿ ಮತ್ತು ಗುರುತಿನ ಚೀಟಿ. ಇತಿಹಾಸದ ಜೊತೆ ಪ್ರಥಮ ಚಿಕಿತ್ಸೆ, ನೀರಿನ ಸುರಕ್ಷತೆ, ಸ್ವಲ್ಪ ಇಂಗ್ಲಿಷು, ಹಿಂದಿ ಕಲಿಸಲಿ. ನಿಗದಿಯಾದ ದರ ಇರಲಿ, ಬಂದವರಿಗೂ ಮೋಸವಿಲ್ಲ, ನಮಗೂ ಮುಜುಗರವಿಲ್ಲ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಲು ಹಿಂಜರಿಯುವುದು ಆಸಕ್ತಿ ಇಲ್ಲದ್ದಕ್ಕಲ್ಲ. ಗುರುತಿನ ಚೀಟಿ, ಗೊತ್ತಾದ ಸಮಯ, ಜೊತೆಗೊಬ್ಬರು ಇದ್ದರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಕುಟುಂಬದ ಜೊತೆ ಬರುವವರು ಅವರನ್ನೇ ಬಯಸುತ್ತಾರೆ.

ಮೂರು, ಕಾಲೇಜುಗಳು. ಡಿಗ್ರಿಯಲ್ಲಿ ಪ್ರಾಜೆಕ್ಟು ಎಂದರೆ ಈಗ ನೆಟ್ಟಿನಿಂದ ಇಳಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸುವುದು. ಅದರ ಬದಲು ಒಬ್ಬೊಬ್ಬರಿಗೆ ಒಂದು ಜಾಗ ಕೊಡಿ. ಒಬ್ಬರು ಅಘೋರೇಶ್ವರದ ಕಂಬಗಳನ್ನು ಬರೆದಿಡಲಿ, ಒಬ್ಬರು ಗುಡಿಗಾರ ಕುಟುಂಬದ ಹಿರಿಯರ ಮಾತು ರೆಕಾರ್ಡ್ ಮಾಡಲಿ, ಒಬ್ಬರು ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವರ ನೆನಪು ಕೇಳಲಿ. ಅವರಲ್ಲಿ ಅನೇಕರು ಈಗ ಇಲ್ಲ, ಇರುವವರಿಗೂ ವಯಸ್ಸಾಗಿದೆ. ಶರಾವತಿ ಮುಳುಗಡೆಯ ಕಥೆಯನ್ನು ಹಿನ್ನೀರಿನ ದಂಡೆಯಲ್ಲಿ ನಿಂತು ಹೇಳಬಲ್ಲವರು ಇನ್ನು ಹತ್ತಿಪ್ಪತ್ತು ವರ್ಷದ ಮೇಲೆ ಯಾರಿರುತ್ತಾರೆ? ಈ ಒಂದು ಕೆಲಸ ಮಾತ್ರ ಮುಂದೂಡಲು ಬರುವುದಿಲ್ಲ.

ನಾಲ್ಕನೆಯದಕ್ಕೆ ಯಾರ ಅನುಮತಿಯೂ ಬೇಡ. ಅದು ನಮ್ಮಿಂದಲೇ ಆಗಬೇಕು. ರೀಲ್ಸಿಗೆ ಹಾಡು ಹುಡುಕುವ ಒಂದು ಗಂಟೆಯಲ್ಲಿ ನಿಮ್ಮೂರಿನ ಒಂದು ಗುಡಿ, ಒಂದು ಕೆರೆ, ಒಂದು ಹೋರಾಟದ ವಿಷಯ ಪೂರ್ತಿ ತಿಳಿದುಕೊಳ್ಳಿ. ಪೂರ್ತಿ ಎಂದರೆ, ಒಂದು ಮಗುವಿನ ಅಡ್ಡ ಪ್ರಶ್ನೆಗೂ ಉತ್ತರ ಕೊಡುವಷ್ಟು. ಆಮೇಲೆ ಒಂದು ಭಾನುವಾರ ನಿಮ್ಮ ಕ್ಲಾಸಿನವರನ್ನೇ ಕರೆದುಕೊಂಡು ಹೋಗಿ ಹೇಳಿ. ಅವರು ಕೊಟ್ಟಾವಿ ಆಕಳಿಸದೆ ಕೇಳಿದರೆ ನೀವು ಪಾಸು.

ಈ ಮಾತು ಸಾಗರಕ್ಕೆ ಮಾತ್ರವಲ್ಲ. ಬಾದಾಮಿಯವರಿಗೆ ಅಗಸ್ತ್ಯತೀರ್ಥ ಇದೆ, ಚನ್ನಗಿರಿಯವರಿಗೆ ಸೂಳೆಕೆರೆ, ಶಿರಸಿಯವರಿಗೆ ಕೋಟೆಕೆರೆ. ಕೆರೆ ಇರುವ ಊರಿನಲ್ಲಿ ಅದನ್ನು ಕಟ್ಟಿಸಿದವರು ಇದ್ದರು, ಕಟ್ಟಿದವರು ಇದ್ದರು, ಅದರ ನೀರಿಗೆ ಜಗಳವಾಡಿದವರು ಇದ್ದರು. ಅವರ ಕಥೆ ಹೇಳುವ ಕೆಲಸಕ್ಕೆ ಇನ್ನೂ ಅರ್ಜಿ ಕರೆದಿಲ್ಲ. ಕರೆಯುವವರೆಗೆ ಕಾಯುವುದೂ ಬೇಡ. ನಾನು ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಹೋಗುತ್ತೇನೆ, ಅದರಲ್ಲಿ ಅವಮಾನವಿಲ್ಲ. ಆದರೆ ಹೋಗುವುದಾದರೆ ಇಲ್ಲಿ ಇರುವುದನ್ನೆಲ್ಲ ನೋಡಿ, ಕೈಲಾದಷ್ಟು ಮಾಡಿ, ಆಮೇಲೆ ಸಾಲದೆ ಹೋಗುತ್ತೇನೆ. ನಮ್ಮಲ್ಲಿ ಎಷ್ಟು ಜನ ಹಾಗೆ ಹೊರಟಿದ್ದೇವೆ? ಹೆಚ್ಚಿನವರು ಊರನ್ನು ನೋಡದೆಯೇ ಊರು ಬಿಟ್ಟಿದ್ದೇವೆ. ಮೊದಲು ಅದನ್ನು ನಿಲ್ಲಿಸೋಣ.